ಆಪರೇಷನ್ ನಂತರ ನೆಮ್ಮದಿ ಸಿಗುವುದೇ? – ಒಂದು ಪ್ರಶ್ನೆಯ ಇತಿಹಾಸ

ವಯಸ್ಸಾದಂತೆ ಕೂದಲು ನರೆಯುತ್ತದೆ, ಕಣ್ಣು ಮಂಜಾಗುತ್ತದೆ, ಮೊಣಕಾಲು ನೋಯುತ್ತದೆ. ಇವನ್ನೆಲ್ಲ ನಾವು ನಾಲ್ಕು ಜನರ ಎದುರು ಹೇಳಿಕೊಳ್ಳುತ್ತೇವೆ. ಆದರೆ ವಯಸ್ಸಾದ ಗಂಡಸರು ಹೆಂಡತಿ ಮಕ್ಕಳ ಎದುರೂ ಹೇಳಿಕೊಳ್ಳದ ಒಂದು ತೊಂದರೆ ಇದೆ. ಅದು ಮೂತ್ರಕ್ಕೆ ಸಂಬಂಧಿಸಿದ್ದು. ನಮ್ಮ ಮನೆಗಳಲ್ಲಿ ಹಿರಿಯರು ಇದನ್ನು 'ಗದೂದ್' ಬೆಳೆದಿದೆ ಎಂದು ಪಿಸುಮಾತಿನಲ್ಲಿ ಹೇಳುವುದುಂಟು. ವೈದ್ಯರು ಪ್ರಾಸ್ಟೇಟ್ ಗ್ರಂಥಿಯ ಹಿಗ್ಗುವಿಕೆ ಎನ್ನುತ್ತಾರೆ.

ನನ್ನ ತಂದೆಯ ಅಣ್ಣ, ನಾವು ಬಡೇ ಅಬ್ಬಾ ಎಂದು ಕರೆಯುತ್ತಿದ್ದವರು, ಈ ತೊಂದರೆಯನ್ನು ಆರು ವರ್ಷ ಮುಚ್ಚಿಟ್ಟುಕೊಂಡಿದ್ದರು. ಮೊದಲು ಬಸ್ ಪ್ರಯಾಣ ಬಿಟ್ಟರು. ಆಮೇಲೆ ಪರಊರಿನ ಮದುವೆಗಳಿಗೆ ಹೋಗುವುದನ್ನು ಬಿಟ್ಟರು. ಅವರಿಗೆ ಜಂಬ ಬಂದಿದೆ ಎಂದು ನೆಂಟರು ಮಾತಾಡಿಕೊಂಡರು. ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿಹೋದಾಗ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಕನ್ನಡದಲ್ಲಿ ಕೇಳುವುದನ್ನು ಅವರಿಗೆ ಉರ್ದುವಿನಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ರಾತ್ರಿ ಎಷ್ಟು ಸಲ ಏಳುತ್ತಾರೆ, ಧಾರೆ ಹೇಗಿದೆ, ಇದರಿಂದ ಎಷ್ಟು ಬೇಸರವಾಗಿದೆ ಎಂದೆಲ್ಲ ವೈದ್ಯರು ಕೇಳಿದರು. ಹಿರಿಯರನ್ನು ಇಂಥ ಮಾತು ಹೇಗೆ ಕೇಳುವುದೆಂಬ ಸಂಕೋಚದಿಂದ ಅರ್ಧ ಪ್ರಶ್ನೆಗಳಿಗೆ ನಾನೇ ಅಂದಾಜಿನ ಉತ್ತರ ಕೊಟ್ಟುಬಿಟ್ಟೆ. ಆಪರೇಷನ್ ಆಯಿತು. ಧಾರೆ ಸರಾಗವಾಯಿತು. ಆದರೆ ರಾತ್ರಿ ಏಳುವುದು ತಪ್ಪಲಿಲ್ಲ. "ಕೊಯ್ಸಿಕೊಂಡು ಏನು ಬಂತು?" ಎಂದು ಅವರು ಕೊನೆಯವರೆಗೂ ಕೊರಗಿದರು.

ಆ ಕೊರಗೇ ನನ್ನನ್ನು ಈ ವಿಷಯದ ಇತಿಹಾಸ ಓದಲು ಹಚ್ಚಿತು. ಆಪರೇಷನ್‌ಗೆ ಮುಂಚೆಯೇ ಅದರ ಫಲವನ್ನು ಹೇಳಲು ಸಾಧ್ಯವೇ? ವೈದ್ಯಲೋಕ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದಿದೆ. ಆ ದಾರಿಯನ್ನು ನಮ್ಮ ಸದಸ್ಯರ ಮತ್ತು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ರೋಗದ ಪರಿಚಯ

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಒಂದು ಗ್ರಂಥಿ. ಮೂತ್ರಕೋಶದ ಬಾಯಿಯ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ಯೌವನದಲ್ಲಿ ಅದರ ಗಾತ್ರ ಒಂದು ಅಕ್ರೋಟಿನಷ್ಟು, ತೂಕ ಸುಮಾರು 20 ಗ್ರಾಂ. ವಯಸ್ಸಾದಂತೆ ಅದು ಬೆಳೆಯುತ್ತದೆ. 50 ದಾಟಿದ ಗಂಡಸರಲ್ಲಿ ಸರಿಸುಮಾರು ಅರ್ಧದಷ್ಟು ಜನರಲ್ಲಿ ಈ ಬೆಳವಣಿಗೆಯ ಗುರುತುಗಳಿರುತ್ತವೆ. ಇದು ಕ್ಯಾನ್ಸರ್ ಅಲ್ಲ. ಆದರೆ ನಾಳವನ್ನು ಹಿಸುಕುವುದರಿಂದ ಧಾರೆ ಸಣ್ಣದಾಗುತ್ತದೆ, ಮತ್ತೆ ಮತ್ತೆ ಹೋಗಬೇಕಾಗುತ್ತದೆ, ರಾತ್ರಿ ನಿದ್ರೆ ಕೆಡುತ್ತದೆ. ತೊಂದರೆ ಹೆಚ್ಚಿದಾಗ ಮೂತ್ರ ಹಿಂದಕ್ಕೆ ಒತ್ತಿ ಮೂತ್ರಪಿಂಡಗಳೂ ಕೆಡುತ್ತವೆ.

ಗ್ರಂಥಿ ದೊಡ್ಡದಾದಷ್ಟೂ ತೊಂದರೆ ದೊಡ್ಡದು ಎಂಬ ನಿಯಮವಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ದೊಡ್ಡ ಗ್ರಂಥಿಯಿದ್ದೂ ನೆಮ್ಮದಿಯಾಗಿರುವವರಿದ್ದಾರೆ, ಸಣ್ಣ ಗ್ರಂಥಿಯಿಂದಲೇ ಒದ್ದಾಡುವವರೂ ಇದ್ದಾರೆ. ಫಲವನ್ನು ಮುಂಚಿತವಾಗಿ ಹೇಳುವುದು ಕಷ್ಟವಾಗಲು ಮೊದಲ ಕಾರಣ ಇದೇ.

ನಳಿಕೆಯ ಕಾಲ

ಸಾವಿರಾರು ವರ್ಷಗಳ ಕಾಲ ಇದಕ್ಕಿದ್ದ ಪರಿಹಾರ ನಳಿಕೆಯೊಂದೇ. ಮೂತ್ರ ಕಟ್ಟಿದಾಗ ನಳಿಕೆ ತೂರಿಸಿ ಹೊರತೆಗೆಯುವ ಕ್ರಮವನ್ನು ಪ್ರಾಚೀನ ಭಾರತದ ಸುಶ್ರುತ ಸಂಹಿತೆಯಂಥ ಗ್ರಂಥಗಳ ಕಾಲದಿಂದಲೂ ಕಾಣುತ್ತೇವೆ. ಸ್ಪೇನಿನ ಕಾರ್ಡೋಬಾ ಪ್ರಾಂತದಲ್ಲಿ ಸಾವಿರ ವರ್ಷಗಳ ಹಿಂದೆ ಬಾಳಿದ ಅಲ್-ಝಹ್ರಾವಿ ತಮ್ಮ 'ಅತ್-ತಸ್ರೀಫ್' ಗ್ರಂಥದ ಶಸ್ತ್ರಚಿಕಿತ್ಸೆಯ ಭಾಗದಲ್ಲಿ ನುಣುಪಾದ ಬೆಳ್ಳಿಯ ನಳಿಕೆಯನ್ನು ವರ್ಣಿಸಿದ್ದಾರೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1752ರಲ್ಲಿ ತಮ್ಮ ಅಣ್ಣನಿಗಾಗಿ ಬಾಗುವ ಬೆಳ್ಳಿ ನಳಿಕೆಯನ್ನು ರೂಪಿಸಿದರು. 19ನೆಯ ಶತಮಾನದಲ್ಲಿ ರಬ್ಬರ್ ನಳಿಕೆ ಬಂತು.

ಆ ಕಾಲದ ಯುರೋಪಿನ ಎಷ್ಟೋ ಮುದುಕರು ಟೋಪಿಯೊಳಗೆ, ಟೊಳ್ಳು ಊರುಗೋಲಿನೊಳಗೆ ನಳಿಕೆ ಇಟ್ಟುಕೊಂಡು ತಿರುಗುತ್ತಿದ್ದರು. ಕ್ರಿಮಿಗಳ ಬಗ್ಗೆ ತಿಳಿವಳಿಕೆ ಇಲ್ಲದ ಕಾಲವದು. ಸೋಂಕು ತಗುಲಿ ಜ್ವರ ಬಂದು ಬಹಳ ಜನ ಸಾಯುತ್ತಿದ್ದರು.

ಮೊದಲ ಪ್ರಶ್ನೆ: ರೋಗಿ ಬದುಕುತ್ತಾನೆಯೇ?

19ನೆಯ ಶತಮಾನದ ಕೊನೆಗೆ ಅರಿವಳಿಕೆ ಮತ್ತು ಕ್ರಿಮಿನಾಶಕಗಳು ಬಂದ ಮೇಲೆ ಶಸ್ತ್ರವೈದ್ಯರಿಗೆ ಧೈರ್ಯ ಬಂತು. ಫಿಲಡೆಲ್ಫಿಯಾದ ಜೆ. ವಿಲಿಯಂ ವೈಟ್ ಎಂಬ ವೈದ್ಯರು ವೃಷಣಗಳನ್ನು ತೆಗೆದರೆ ಪ್ರಾಸ್ಟೇಟ್ ಕುಗ್ಗುತ್ತದೆ ಎಂದು 1893ರಲ್ಲಿ ವಾದಿಸಿದರು. 1895ರಲ್ಲಿ ಅವರು 111 ರೋಗಿಗಳ ಲೆಕ್ಕವನ್ನು ಮುಂದಿಟ್ಟರು. ಅವರಲ್ಲಿ ಶೇಕಡಾ 87ರಷ್ಟು ಜನರಲ್ಲಿ ಗ್ರಂಥಿ ಬೇಗನೆ ಕುಗ್ಗಿತ್ತು. ಶೇಕಡಾ 18ರಷ್ಟು ಜನ ಸತ್ತಿದ್ದರು. ಗ್ರಂಥಿ ಕುಗ್ಗಿತೆಂಬುದನ್ನೇ ಗೆಲುವೆಂದು ಎಣಿಸಿದ ಕಾಲವದು. ಬದುಕಿ ಉಳಿದವನ ಮನಸ್ಸಿನಲ್ಲಿ ಏನಿತ್ತೆಂಬುದು ಲೆಕ್ಕದ ಪುಸ್ತಕಕ್ಕೆ ಬರಲಿಲ್ಲ.

ಇದಾದ ಕೆಲವೇ ವರ್ಷಗಳಲ್ಲಿ ಹೆಸರು ಮಾಡಿದವರು ಪೀಟರ್ ಫ್ರೇಯರ್. ಈತನಿಗೂ ನಮ್ಮ ದೇಶಕ್ಕೂ ನೇರ ಸಂಬಂಧವಿದೆ. ಐರ್ಲೆಂಡಿನಲ್ಲಿ ಹುಟ್ಟಿದ ಫ್ರೇಯರ್ 1875ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ, ಇಂದಿನ ಉತ್ತರ ಪ್ರದೇಶದ ಊರುಗಳಲ್ಲಿ ಇಪ್ಪತ್ತು ವರ್ಷ ದುಡಿದರು. ಅಲ್ಲಿ ಮೂತ್ರಕೋಶದ ಕಲ್ಲಿನ ರೋಗ ಬಹಳವಾಗಿತ್ತು. ನೂರಾರು ರೋಗಿಗಳ ಕಲ್ಲು ತೆಗೆದು ಅವರ ಕೈ ಪಳಗಿತು. ರಾಂಪುರದ ನವಾಬರು ಗುಣವಾದ ಸಂತೋಷಕ್ಕೆ ಅವರಿಗೆ ಒಂದು ಲಕ್ಷ ರೂಪಾಯಿ ಕೊಟ್ಟರು. ಆ ಹಣದ ವಿಷಯದಲ್ಲಿ ಬ್ರಿಟಿಷ್ ಸರ್ಕಾರಕ್ಕೂ ಫ್ರೇಯರ್‌ಗೂ ಜಗಳವಾಯಿತು. ಲಂಡನ್ನಿಗೆ ಮರಳಿದ ಫ್ರೇಯರ್ 1900ರ ಡಿಸೆಂಬರ್ 1ರಂದು ಹೊಟ್ಟೆಯ ಕೆಳಭಾಗದಿಂದ ಮೂತ್ರಕೋಶವನ್ನು ತೆರೆದು, ಬೆಳೆದ ಗ್ರಂಥಿಯನ್ನು ಬೆರಳಿನಿಂದಲೇ ಬಿಡಿಸಿ ತೆಗೆದರು. ಇದೇ ಬಗೆಯ ಆಪರೇಷನ್ನನ್ನು ನ್ಯೂಯಾರ್ಕಿನ ಯೂಜೀನ್ ಫುಲ್ಲರ್ ಮೊದಲೇ ಮಾಡಿದ್ದರಿಂದ ಯಾರು ಮೊದಲಿಗರು ಎಂಬ ವಿವಾದವೂ ಎದ್ದಿತು. ಆದರೂ 1912ರ ಹೊತ್ತಿಗೆ ಫ್ರೇಯರ್ ಸಾವಿರ ರೋಗಿಗಳ ಲೆಕ್ಕ ಕೊಟ್ಟರು. ಸತ್ತವರ ಪ್ರಮಾಣ ಸುಮಾರು ಶೇಕಡಾ 5ಕ್ಕೆ ಇಳಿದಿತ್ತು.

ಕೆಂಪು ಬಣ್ಣದ ಪರೀಕ್ಷೆ

ನೂರರಲ್ಲಿ ಐದು ಜನ ಸಾಯುತ್ತಾರೆ ಎಂದು ಗೊತ್ತಾಯಿತು. ಆದರೆ ಆ ಐದು ಜನ ಯಾರು? ಇದನ್ನು ಮುಂಚಿತವಾಗಿ ಹೇಳುವ ದೊಡ್ಡ ಹೆಜ್ಜೆ ಅಮೆರಿಕದ ಬಾಲ್ಟಿಮೋರಿನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ನಡೆಯಿತು. 1910ರಲ್ಲಿ ಲಿಯೊನಾರ್ಡ್ ರೌನ್‌ಟ್ರಿ ಮತ್ತು ಜಾನ್ ಗೆರಾಟಿ ಎಂಬ ವೈದ್ಯರು ಒಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ಅಳತೆ ಮಾಡಿದ ಒಂದು ಬಣ್ಣವನ್ನು ಸೂಜಿಯಿಂದ ದೇಹಕ್ಕೆ ಸೇರಿಸುವುದು. ಎರಡು ಗಂಟೆಗಳ ಕಾಲ ಮೂತ್ರ ಸಂಗ್ರಹಿಸುವುದು. ಅದಕ್ಕೆ ಕ್ಷಾರ ಬೆರೆಸಿದರೆ ಕೆಂಪಾಗುತ್ತದೆ. ಆ ಕೆಂಪನ್ನು ಅಳೆದರೆ ಎಷ್ಟು ಬಣ್ಣ ಹೊರಬಂತೆಂದು ತಿಳಿಯುತ್ತದೆ. ಆರೋಗ್ಯವಂತ ಮೂತ್ರಪಿಂಡಗಳು ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಬಣ್ಣವನ್ನು ಹೊರಹಾಕುತ್ತವೆ, ಕೆಟ್ಟ ಮೂತ್ರಪಿಂಡಗಳು ಹಾಕಲಾರವು.

ಪ್ರಾಸ್ಟೇಟ್ ರೋಗಿಗಳು ಚಾಕುವಿನಿಂದ ಮಾತ್ರ ಸಾಯುತ್ತಿರಲಿಲ್ಲ. ಒತ್ತಡದಿಂದ ಮೊದಲೇ ಸೋತಿದ್ದ ಮೂತ್ರಪಿಂಡಗಳು ಆಪರೇಷನ್ ಆದ ಮೇಲೆ ಕೈಕೊಡುತ್ತಿದ್ದವು. ಪರೀಕ್ಷೆಯಲ್ಲಿ ಬಣ್ಣ ಕಡಿಮೆ ಬಂದವರನ್ನು ಮೇಜಿನ ಮೇಲೆ ಮಲಗಿಸಲು ವೈದ್ಯರು ಅವಸರ ಮಾಡಲಿಲ್ಲ. ನಳಿಕೆ ಇಟ್ಟು ವಾರಗಟ್ಟಲೆ ಮೂತ್ರ ಹರಿಸಿ, ಮೂತ್ರಪಿಂಡಗಳು ಚೇತರಿಸಿಕೊಂಡ ಮೇಲೆ ಆಪರೇಷನ್ ಮಾಡಿದರು. ಈ ಪರೀಕ್ಷೆ ಯಾರಿಗೆ ಅಪಾಯ ಎಂದು ತಿಳಿಸಿತು, ಅಪಾಯವನ್ನು ಕಡಿಮೆ ಮಾಡುವ ದಾರಿಯನ್ನೂ ತೋರಿಸಿತು. ಭವಿಷ್ಯ ಹೇಳುವುದಕ್ಕೂ ವಿಜ್ಞಾನಕ್ಕೂ ಇರುವ ಅಂತರ ಇದೇ. ಜ್ಯೋತಿಷಿ ಹೇಳಿದ್ದು ನಿಜವಾಗಲಿ ಎಂದು ಬಯಸುತ್ತಾನೆ, ವೈದ್ಯ ತಾನು ಹೇಳಿದ ಕೆಡುಕು ಸುಳ್ಳಾಗಲಿ ಎಂದು ದುಡಿಯುತ್ತಾನೆ.

ಮುಂದೆ ಆಪರೇಷನ್ನಿನ ವಿಧಾನವೂ ಬದಲಾಯಿತು. 1926ರಲ್ಲಿ ಮ್ಯಾಕ್ಸಿಮಿಲಿಯನ್ ಸ್ಟರ್ನ್ ರೂಪಿಸಿದ ಉಪಕರಣವನ್ನು ಜೋಸೆಫ್ ಮೆಕಾರ್ಥಿ 1931ರಲ್ಲಿ ಸುಧಾರಿಸಿದರು. ಹೊಟ್ಟೆ ಕೊಯ್ಯದೆ, ಮೂತ್ರನಾಳದ ಮೂಲಕವೇ ಒಳಹೊಕ್ಕು, ವಿದ್ಯುತ್ ತಂತಿಯ ಕುಣಿಕೆಯಿಂದ ಗ್ರಂಥಿಯನ್ನು ಚೂರು ಚೂರಾಗಿ ಕತ್ತರಿಸುವ ವಿಧಾನವಿದು. ಟಿ.ಯು.ಆರ್.ಪಿ. ಎಂದು ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಕೇಳಿಬರುವ ಹೆಸರು ಇದರದ್ದೇ. 1962ರಲ್ಲಿ ಪ್ರಕಟವಾದ 2,015 ರೋಗಿಗಳ ಲೆಕ್ಕದಲ್ಲಿ ಸತ್ತವರು ಶೇಕಡಾ 2.5. 1989ರಲ್ಲಿ ಅಮೆರಿಕದ 13 ಕೇಂದ್ರಗಳ 3,885 ರೋಗಿಗಳ ಲೆಕ್ಕ ಬಂದಾಗ ಅದು ಶೇಕಡಾ 0.2ಕ್ಕೆ ಇಳಿದಿತ್ತು. ಆದರೆ ರಕ್ತಸ್ರಾವ, ಸೋಂಕು ಮುಂತಾದ ತೊಡಕುಗಳು ಎರಡೂ ಕಾಲದಲ್ಲಿ ಶೇಕಡಾ 18ರ ಹತ್ತಿರವೇ ಇದ್ದವು. 80 ದಾಟಿದವರಲ್ಲಿ, ಮೂತ್ರ ಕಟ್ಟಿದ ಮೇಲೆ ಬಂದವರಲ್ಲಿ, ಗ್ರಂಥಿ 45 ಗ್ರಾಂಗಿಂತ ದೊಡ್ಡದಿದ್ದವರಲ್ಲಿ, ಆಪರೇಷನ್ 90 ನಿಮಿಷ ಮೀರಿದವರಲ್ಲಿ ಅವು ಹೆಚ್ಚಾಗಿದ್ದವು. ಆರು ವರ್ಷ ಮುಚ್ಚಿಟ್ಟುಕೊಂಡು ಕೊನೆಗೆ ಮೂತ್ರ ಕಟ್ಟಿದ ಸ್ಥಿತಿಯಲ್ಲಿ ಬಂದ ನಮ್ಮ ಬಡೇ ಅಬ್ಬಾ ಇಂಥ ಪಟ್ಟಿಯೊಂದರಲ್ಲಿ ತಾವಾಗಿಯೇ ಹೆಸರು ಬರೆಸಿಕೊಂಡಿದ್ದರು.

ಎರಡನೆಯ ಪ್ರಶ್ನೆ: ಧಾರೆ ಸರಿಹೋಗುತ್ತದೆಯೇ?

ಸಾವಿನ ಭಯ ಕಡಿಮೆಯಾದ ಮೇಲೆ ಇನ್ನೊಂದು ವಿಷಯ ವೈದ್ಯರ ಕಣ್ಣಿಗೆ ಬಿತ್ತು. ಆಪರೇಷನ್ ಚೆನ್ನಾಗಿ ಆಗಿಯೂ ಕೆಲವರಿಗೆ ಗುಣ ಕಾಣುತ್ತಿರಲಿಲ್ಲ. ಏಕೆ? ಮೂತ್ರಧಾರೆ ಸಣ್ಣದಾಗಲು ಎರಡು ಕಾರಣಗಳಿರಬಹುದು. ಒಂದು, ದಾರಿ ಕಟ್ಟಿರುವುದು. ಎರಡು, ಒತ್ತುವ ಮೂತ್ರಕೋಶದ ಸ್ನಾಯುವೇ ಸೋತಿರುವುದು. ತೋಟದ ಪೈಪಿನಲ್ಲಿ ನೀರು ಬಾರದಿದ್ದರೆ ಪೈಪಿನಲ್ಲಿ ಕಸ ಸಿಕ್ಕಿರಬಹುದು, ಇಲ್ಲವೇ ಪಂಪ್ ಕೆಟ್ಟಿರಬಹುದು. ಪಂಪ್ ಕೆಟ್ಟಾಗ ಪೈಪನ್ನು ಎಷ್ಟು ಶುಚಿ ಮಾಡಿದರೇನು?

ಹೀಗಾಗಿ ಧಾರೆಯನ್ನು ಅಳೆಯುವ ಯಂತ್ರಗಳು ಬಂದವು. 1948ರಲ್ಲಿ ಅಮೆರಿಕದ ಡ್ರೇಕ್, 1956ರಲ್ಲಿ ಸ್ವೀಡನ್ನಿನ ಫಾನ್ ಗ್ಯಾರೆಲ್ಟ್ಸ್ ಇಂಥ ಅಳತೆಯ ಸಾಧನಗಳನ್ನು ರೂಪಿಸಿದರು. 1970ರ ದಶಕದಲ್ಲಿ ಇಂಗ್ಲೆಂಡಿನ ಪಾಲ್ ಏಬ್ರಮ್ಸ್ ಮತ್ತು ಡೆರೆಕ್ ಗ್ರಿಫಿತ್ಸ್ ಧಾರೆಯ ವೇಗವನ್ನೂ ಮೂತ್ರಕೋಶದ ಒತ್ತಡವನ್ನೂ ಜೊತೆಯಾಗಿ ಅಳೆದು, ಕಟ್ಟಿದ ದಾರಿಯನ್ನು ಸೋತ ಸ್ನಾಯುವಿನಿಂದ ಬೇರ್ಪಡಿಸಿ ಗುರುತಿಸುವ ನಕ್ಷೆಯನ್ನು 1979ರಲ್ಲಿ ಪ್ರಕಟಿಸಿದರು. ದಾರಿ ನಿಜವಾಗಿಯೂ ಕಟ್ಟಿದ್ದವರಿಗೆ ಆಪರೇಷನ್ ಹೆಚ್ಚು ಫಲ ಕೊಡುತ್ತದೆ, ಧಾರೆ ಸೆಕೆಂಡಿಗೆ 15 ಮಿಲಿಲೀಟರಿಗಿಂತ ಚೆನ್ನಾಗಿದ್ದವರಿಗೆ ಅಷ್ಟು ಫಲ ಸಿಗುವುದಿಲ್ಲ ಎಂಬುದು ಇಂಥ ಅಳತೆಗಳಿಂದ ತಿಳಿಯಿತು.

ಮೂರನೆಯ ಪ್ರಶ್ನೆ: ಆತನಿಗೆ ನೆಮ್ಮದಿ ಸಿಕ್ಕಿತೇ?

ಇಲ್ಲಿಂದ ಕಥೆ ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ಎಂಬ ಸಣ್ಣ ರಾಜ್ಯಕ್ಕೆ ಬರುತ್ತದೆ. ಜಾನ್ ವೆನ್‌ಬರ್ಗ್ ಎಂಬ ವೈದ್ಯರು ಅಕ್ಕಪಕ್ಕದ ಊರುಗಳ ಆಪರೇಷನ್ ಲೆಕ್ಕವನ್ನು ಹೋಲಿಸಿ ನೋಡಿದರು. ಜನ ಒಂದೇ ತರಹದವರು, ರೋಗವೂ ಒಂದೇ. ಆದರೆ ಒಂದೂರಿನಲ್ಲಿ ಪ್ರಾಸ್ಟೇಟ್ ಆಪರೇಷನ್‌ಗಳು ಬಹಳ, ಪಕ್ಕದೂರಿನಲ್ಲಿ ಬಹಳ ಕಡಿಮೆ. ವೈದ್ಯರನ್ನು ಕೂರಿಸಿ ಕೇಳಿದಾಗ ಕಾರಣ ಹೊರಬಂತು. ಈಗಲೇ ಮಾಡದಿದ್ದರೆ ಮುಂದೆ ಪ್ರಾಣಕ್ಕೆ ಅಪಾಯ ಎಂದು ಕೆಲವರು ನಂಬಿದ್ದರು. ರೋಗಿಯ ಕಷ್ಟ ಕಡಿಮೆ ಮಾಡುವುದಕ್ಕಷ್ಟೇ ಆಪರೇಷನ್ ಎಂಬುದು ಇತರರ ನಂಬಿಕೆ. ಯಾರ ನಂಬಿಕೆ ಸರಿ ಎಂದು ತೋರಿಸುವ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಆಗ ಅವರು ಮಾಡಿದ ಕೆಲಸ ತೀರಾ ಸರಳ. ರೋಗಿಗಳನ್ನೇ ಕೇಳಿದರು. ಆಪರೇಷನ್‌ಗೆ ಮುಂಚೆ ಒಮ್ಮೆ, ನಂತರ 3, 6 ಮತ್ತು 12 ತಿಂಗಳಿಗೆ ಮತ್ತೆ ಕೇಳಿದರು. ಫ್ಲಾಯ್ಡ್ ಫೌಲರ್ ಮತ್ತು ಸಂಗಡಿಗರು 1988ರಲ್ಲಿ ಉತ್ತರಗಳನ್ನು ಪ್ರಕಟಿಸಿದರು. ಮೊದಲು ತೀವ್ರ ತೊಂದರೆ ಇದ್ದವರಲ್ಲಿ ಶೇಕಡಾ 93ರಷ್ಟು ಜನರಿಗೆ, ಮಧ್ಯಮ ತೊಂದರೆ ಇದ್ದವರಲ್ಲಿ ಶೇಕಡಾ 79ರಷ್ಟು ಜನರಿಗೆ ಸುಧಾರಣೆ ಕಂಡಿತ್ತು. ಇನ್ನೊಂದು ವಿಷಯವೂ ಬೆಳಕಿಗೆ ಬಂತು. ಒಂದೇ ಪ್ರಮಾಣದ ತೊಂದರೆ ಇದ್ದ ಇಬ್ಬರಲ್ಲಿ ಒಬ್ಬನಿಗೆ ಅದು ಏನೂ ಅನ್ನಿಸುತ್ತಿರಲಿಲ್ಲ, ಮತ್ತೊಬ್ಬನಿಗೆ ಬದುಕೇ ಬೇಡವೆನ್ನಿಸುತ್ತಿತ್ತು. ಈ ವ್ಯತ್ಯಾಸವನ್ನು ಯಾವ ಯಂತ್ರವೂ ತೋರಿಸಲಾರದು. ಬಾಯಿ ಬಿಟ್ಟು ಕೇಳಿದರೆ ಮಾತ್ರ ತಿಳಿಯುತ್ತದೆ.

ಹೋಲಿಕೆಯಲ್ಲಿ ಎಡವಿದ ಪ್ರಸಂಗವೊಂದು ವಿದ್ಯಾರ್ಥಿಗಳಿಗೆ ಪಾಠವಾಗಬಲ್ಲದು. 1989ರಲ್ಲಿ ಡೆನ್ಮಾರ್ಕ್, ಇಂಗ್ಲೆಂಡ್ ಮತ್ತು ಕೆನಡಾದ ದಾಖಲೆಗಳನ್ನು ನೋಡಿದ ಅಧ್ಯಯನವೊಂದು ನಾಳದ ಮೂಲಕ ಮಾಡುವ ಆಪರೇಷನ್ ನಂತರದ ವರ್ಷಗಳಲ್ಲಿ ಹೆಚ್ಚು ಜನ ಸಾಯುತ್ತಾರೆ ಎಂದಿತು. ವೈದ್ಯಲೋಕ ಬೆಚ್ಚಿಬಿತ್ತು. ಆದರೆ 1992ರಲ್ಲಿ ಜಾನ್ ಕೊಂಕಾಟೊ ಮತ್ತು ಸಂಗಡಿಗರು 252 ರೋಗಿಗಳ ಕಡತಗಳನ್ನು ಕೂಲಂಕಷವಾಗಿ ಓದಿದರು. ಹೊಟ್ಟೆ ಕೊಯ್ಯುವುದನ್ನು ತಾಳಲಾರದ, ಮೊದಲೇ ಬೇರೆ ರೋಗಗಳಿದ್ದ ಮುದುಕರನ್ನೇ ಹೆಚ್ಚಾಗಿ ನಾಳದ ಆಪರೇಷನ್‌ಗೆ ಕಳಿಸಲಾಗಿತ್ತು. ಆ ರೋಗಗಳನ್ನು ಲೆಕ್ಕಕ್ಕೆ ಹಿಡಿದಾಗ ವ್ಯತ್ಯಾಸ ಮಾಯವಾಯಿತು. ಜಾಣ ಮಕ್ಕಳ ತರಗತಿಯನ್ನೂ ಹಿಂದುಳಿದ ಮಕ್ಕಳ ತರಗತಿಯನ್ನೂ ಹೋಲಿಸಿ ಮೇಷ್ಟರಿಗೆ ಅಂಕ ಕೊಟ್ಟರೆ ಆಗುವ ಅನ್ಯಾಯವೇ ಇಲ್ಲೂ ಆಗಿತ್ತು.

ಏಳು ಪ್ರಶ್ನೆಗಳು

ರೋಗಿಯ ಮಾತನ್ನೇ ಅಳತೆಯನ್ನಾಗಿ ಮಾಡುವುದು ಹೇಗೆ? 1992ರಲ್ಲಿ ಮೈಕೆಲ್ ಬ್ಯಾರಿ ಮತ್ತು ಅವರ ಸಂಗಡಿಗರು ಏಳು ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಕಳೆದ ಒಂದು ತಿಂಗಳಲ್ಲಿ ಮೂತ್ರ ಪೂರ್ತಿ ಖಾಲಿಯಾಗದ ಅನುಭವ, ಮತ್ತೆ ಮತ್ತೆ ಹೋಗಬೇಕಾಗುವುದು, ಧಾರೆ ನಿಂತು ನಿಂತು ಬರುವುದು, ತಡೆಯಲಾಗದ ಅವಸರ, ಸಣ್ಣ ಧಾರೆ, ತಿಣುಕಬೇಕಾಗುವುದು, ರಾತ್ರಿ ಏಳುವುದು – ಈ ಏಳಕ್ಕೆ ತಲಾ 0ಯಿಂದ 5 ಅಂಕ. ಒಟ್ಟು 35. ಮೊತ್ತ 7ರವರೆಗೆ ಇದ್ದರೆ ಸೌಮ್ಯ, 8ರಿಂದ 19 ಮಧ್ಯಮ, 20 ಮತ್ತು ಮೇಲಾದರೆ ತೀವ್ರ. ಮುಂದೆ ಅಂತರರಾಷ್ಟ್ರೀಯ ಪಟ್ಟಿಯಾದಾಗ ಎಂಟನೆಯ ಪ್ರಶ್ನೆಯೂ ಸೇರಿತು. ಉಳಿದ ಆಯುಷ್ಯವೆಲ್ಲ ಹೀಗೆಯೇ ಕಳೆಯಬೇಕಾದರೆ ನಿಮಗೆ ಹೇಗೆನ್ನಿಸುತ್ತದೆ ಎಂಬುದು ಅದರ ತಿರುಳು.

ಈ ಬಗೆಯ ವಿಚಾರಣೆಗೆ ಎಷ್ಟು ಬೆಲೆ ಎಂಬುದು 1995ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಮಧ್ಯಮ ತೊಂದರೆ ಇದ್ದ 556 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್ ಮಾಡಿ, ಇನ್ನೊಂದನ್ನು ಸುಮ್ಮನೆ ಗಮನಿಸುತ್ತ ಬಂದರು. ಸುಮಾರು ಮೂರು ವರ್ಷಗಳಲ್ಲಿ ಚಿಕಿತ್ಸೆ ಸೋತಿತೆಂದು ಎಣಿಸಿದವರು ಆಪರೇಷನ್ ಗುಂಪಿನಲ್ಲಿ 23, ಕಾದವರ ಗುಂಪಿನಲ್ಲಿ 47. ಕಾದವರಲ್ಲಿ ನೂರಕ್ಕೆ 24 ಜನ ಕೊನೆಗೆ ಆಪರೇಷನ್ ಮಾಡಿಸಿಕೊಂಡರು, ಉಳಿದವರಿಗೆ ಅದು ಬೇಕಾಗಲಿಲ್ಲ. ಆಪರೇಷನ್ನಿನಿಂದ ಹೆಚ್ಚು ಲಾಭ ಪಡೆದವರು ಮೊದಲಿಗೆ ತೊಂದರೆಯಿಂದ ಹೆಚ್ಚು ಬೇಸತ್ತಿದ್ದವರೇ. ಯಾರಿಗೆ ಗುಣವಾಗುತ್ತದೆ ಎಂದು ಹೇಳುವ ಒಂದು ಒಳ್ಳೆಯ ಸೂಚನೆ ರೋಗಿಯ ನಾಲಿಗೆಯ ಮೇಲೆಯೇ ಇತ್ತು.

ಇಂದು ತಿಳಿದಿರುವುದು

ಈಗ ಔಷಧಿಗಳು ಬಂದಿವೆ, ಲೇಸರ್ ಬಂದಿದೆ. ಆದರೂ ಫಲವನ್ನು ಅಂದಾಜು ಮಾಡುವ ಮೂಲ ಅಂಶಗಳು ಹೆಚ್ಚೇನೂ ಬದಲಾಗಿಲ್ಲ. ತೊಂದರೆ ಎಷ್ಟು ತೀವ್ರ, ದಾರಿ ಎಷ್ಟು ಕಟ್ಟಿದೆ, ಮೂತ್ರಕೋಶದಲ್ಲಿ ಬಲ ಉಳಿದಿದೆಯೇ, ಹೃದಯ, ಸಕ್ಕರೆ ಕಾಯಿಲೆ ಮುಂತಾದವು ಹೇಗಿವೆ ಎಂಬುದನ್ನು ನೋಡುತ್ತಾರೆ. ಎಲ್ಲ ಲಕ್ಷಣಗಳೂ ಒಂದೇ ಸಮನೆ ಗುಣವಾಗುವುದಿಲ್ಲ. ಧಾರೆ ಬೇಗ ಸುಧಾರಿಸುತ್ತದೆ. ತಡೆಯಲಾಗದ ಅವಸರ ಕೆಲವರಲ್ಲಿ ಉಳಿಯುತ್ತದೆ. ರಾತ್ರಿ ಏಳುವುದು ಎಲ್ಲಕ್ಕಿಂತ ಕಡಿಮೆ ಗುಣವಾಗುವ ಲಕ್ಷಣ. ಏಕೆಂದರೆ ಅದಕ್ಕೆ ನಿದ್ರೆ, ಹೃದಯ, ರಾತ್ರಿ ಮೂತ್ರ ಹೆಚ್ಚಾಗುವುದು ಹೀಗೆ ಬೇರೆ ಕಾರಣಗಳೂ ಇರುತ್ತವೆ. ನಾಳದ ಆಪರೇಷನ್ ನಂತರ ವೀರ್ಯ ಹಿಮ್ಮುಖವಾಗಿ ಮೂತ್ರಕೋಶಕ್ಕೆ ಹೋಗುವುದೂ ಸಾಮಾನ್ಯ. ಇದನ್ನೆಲ್ಲ ರೋಗಿಗೆ ಮೊದಲೇ ಹೇಳಿರಬೇಕು.

ಯಂತ್ರವೇ ಎಲ್ಲವನ್ನೂ ಹೇಳುತ್ತದೆ ಎಂಬ ನಂಬಿಕೆಗೂ ಮಿತಿಯಿದೆ. ಇಂಗ್ಲೆಂಡಿನ 26 ಆಸ್ಪತ್ರೆಗಳ 820 ಗಂಡಸರ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಒತ್ತಡ ಅಳೆಯುವ ಪರೀಕ್ಷೆಯನ್ನು ಎಲ್ಲರಿಗೂ ಮಾಡಿದ ಗುಂಪಿನಲ್ಲಿ ನೂರಕ್ಕೆ 38 ಜನರಿಗೆ, ಸಾಮಾನ್ಯ ತಪಾಸಣೆಯ ಗುಂಪಿನಲ್ಲಿ 36 ಜನರಿಗೆ ಆಪರೇಷನ್ ಆಯಿತು. ಕೊನೆಯಲ್ಲಿ ಎರಡೂ ಗುಂಪಿನವರ ತೊಂದರೆಯ ಅಂಕಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಆ ಪರೀಕ್ಷೆ ಕೆಲವರಿಗೆ ಬೇಕು, ಎಲ್ಲರಿಗೂ ಬೇಡ ಎಂಬುದು ಇದರಿಂದ ತಿಳಿಯಿತು.

ಕೊನೆಯ ಮಾತು

ನಮ್ಮ ಬಡೇ ಅಬ್ಬಾರಿಗೆ ಆಪರೇಷನ್ ಬೇಕೇ ಬೇಕಾಗಿತ್ತು. ಆ ವಿಷಯದಲ್ಲಿ ವೈದ್ಯರು ತಪ್ಪಲಿಲ್ಲ. ಆದರೆ ಅವರನ್ನು ಹೆಚ್ಚು ಕಾಡುತ್ತಿದ್ದದ್ದು ರಾತ್ರಿಯ ನಿದ್ರೆ ಎಂದು ಅವರ ಬಾಯಿಂದಲೇ ಕೇಳಿಸಿ ವೈದ್ಯರಿಗೆ ತಲುಪಿಸಿದ್ದರೆ, ಅದು ಪೂರ್ತಿ ಹೋಗದಿರಬಹುದು ಎಂಬ ಮಾತು ಮೊದಲೇ ಬರುತ್ತಿತ್ತು. ಅವರು ಅದಕ್ಕೆ ಸಿದ್ಧರಾಗಿರುತ್ತಿದ್ದರು. ಕೊರಗು ಅರ್ಧವಾದರೂ ಕಡಿಮೆಯಾಗುತ್ತಿತ್ತು. ಎರಡು ಭಾಷೆ ಕಲಿಸುವ ಮೇಷ್ಟ್ರಾಗಿಯೂ ನಾನು ಅಂದು ಎರಡು ಭಾಷೆಗಳ ನಡುವೆ ಬಾಗಿಲು ಹಾಕಿ ನಿಂತಿದ್ದೆ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಮುಂದೆ ವೈದ್ಯರೋ ನರ್ಸುಗಳೋ ಆಗುವಿರಿ. ಇನ್ನು ಕೆಲವರು ನನ್ನಂತೆ ಹಿರಿಯರ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂರುವಿರಿ. ನಿಮ್ಮ ಅಜ್ಜನ ಪರವಾಗಿ ನೀವು ಉತ್ತರ ಕೊಡಬೇಡಿ. ಪ್ರಶ್ನೆಯನ್ನು ಪೂರ್ತಿಯಾಗಿ, ಅವರಿಗೆ ತಿಳಿಯುವ ಮಾತಿನಲ್ಲಿ, ಗೌರವದಿಂದ ಕೇಳಿ. ಅವರು ಹೇಳಿದ್ದನ್ನು ಹಾಗೆಯೇ ಒಪ್ಪಿಸಿ. ಹಿರಿಯ ಸದಸ್ಯರಲ್ಲಿಯೂ ಒಂದು ವಿನಂತಿ: ತೊಂದರೆ ಇದ್ದರೆ ಮೂತ್ರ ಕಟ್ಟುವ ರಾತ್ರಿಯವರೆಗೆ ಕಾಯಬೇಡಿ. ಮೂತ್ರಪಿಂಡ ಮತ್ತು ಮೂತ್ರಕೋಶ ಇನ್ನೂ ಗಟ್ಟಿಯಿರುವಾಗಲೇ ಹೇಳಿಕೊಳ್ಳಿ. ವೈದ್ಯರಿಗೆ ನೂರು ವರ್ಷ ಹಿಡಿದ ಈ ಪಾಠವನ್ನು ಕಲಿಯಲು ನಮಗೆ ಒಂದು ಸಂಜೆಯ ಮಾತುಕತೆ ಸಾಕು.